ಯಾರ ಸಾವು

“ಸಾವಿನ ಸುದ್ದಿ ಮಷೀನಿಗೆ ಯಾರು ಹೇಳಬೇಕ್ರಿ?” ಎಂದು ವಕೀಲೆ ಮೆಹರುನ್ನಿಸಾ ಕೇಳಿದಾಗ ಲ್ಯಾಪ್‌ಟಾಪಿನ ವಿಡಿಯೋ ಕರೆಯಲ್ಲಿ ಪಾಠ ಹೇಳುತ್ತಿದ್ದ ಟೀಚರ್ ರಾಜಶ್ರೀ ಪೆನ್ನು ಕೆಳಗಿಟ್ಟಳು. ಝಳಕಿಯ ಲಿಂಬೆ ಬೆಳೆಗಾರರು ಕಂಪ್ಯೂಟರೇ ನಡೆಸುವ ಸ್ಮಾರ್ಟ್ ಕಾಂಟ್ರಾಕ್ಟಿಗೆ ಒಪ್ಪಬೇಕೋ ಬೇಡವೋ ಎಂದು ನಾಳೆ ಮೆಹರುನ್ನಿಸಾಳೇ ಹೇಳಬೇಕು. ಅದಕ್ಕೇ ಈ ಪಾಠ. ಬರೆದು ಬಿಟ್ಟರೆ ಕರಾರು ತಾನೇ ನಡೆಯುತ್ತದೆ, ಹೊತ್ತಿಗೆ ಕಾಯಿ ಗೋದಾಮು ಮುಟ್ಟದಿದ್ದರೆ ತಾನೇ ಮುರಿಯುತ್ತದೆ, ಕಾಲಿಗೆ ಬಿದ್ದರೂ ಕೇಳುವುದಿಲ್ಲ. ಇಷ್ಟು ಅವಳ ತಲೆಗೆ ಹೋಗಿತ್ತು. ಉಳಿದದ್ದೆಲ್ಲ ಕಲಸುಮೇಲೋಗರ.

“ಊರಾಗ ಹೆಣ ಇದ್ರ ಮಣ್ಣಾಗೂತನಕ ಯಾರೂ ಹೊಲಕ್ಕ ಹೋಗೂದಿಲ್ರಿ. ಅವತ್ತು ಗಿಡದಿಂದ ಕಾಯಿ ಹರಿಯೂದಿಲ್ಲ,” ಎಂದಳು ಮೆಹರುನ್ನಿಸಾ.

“ಹಂಗಾರ ಅದನ್ನೂ ಷರತ್ತು ಅಂತ ಬರೀರಿ ಮೇಡಂ. ಆದ್ರ ಯಾರ ಸಾವು ಅಂತ ಬಿಡಿಸಿ ಬರೀಬೇಕ್ರಿ. ಮಷೀನಿಗೆ ತಾನಾಗೇ ತಿಳಿಯೂದಿಲ್ಲ.”

ಯಾರ ಸಾವು? ಬೆಳೆಗಾರರದೋ, ಅವರ ಮನೆಯವರದೋ, ಓಣಿಯವರದೋ? ಮೆಹರುನ್ನಿಸಾ ಒಂದು ಸಾಲು ಬರೆದಳು, ಅಳಿಸಿದಳು, ಮತ್ತೆ ಬರೆದಳು. ವರ್ಷಗಟ್ಟಲೆ ಕರಾರು ಬರೆದ ಕೈಗೆ ಒಂದು ಸಾವು ಸಿಗಲೊಲ್ಲದು.

ಅಷ್ಟರಲ್ಲಿ, ನಮಾಜಿನ ಹೊತ್ತಲ್ಲದ ಹೊತ್ತಿನಲ್ಲಿ, ಮಸೀದಿಯ ಮೈಕು ಗರಗರ ಎಂದಿತು. ಊರಿನಲ್ಲಿ ಯಾವ ಮನೆಯವರು ತೀರಿದರೂ ಸುದ್ದಿ ಬರುವುದು ಅಲ್ಲಿಂದಲೇ. ಕಿಟಕಿಯಾಚೆ ಲಿಂಬೆ ಆರಿಸುತ್ತಿದ್ದ ಸಾತವ್ವ ಬುಟ್ಟಿ ಕೆಳಗಿಟ್ಟು ತಲೆಯ ಮೇಲೆ ಸೆರಗೆಳೆದುಕೊಂಡಳು.

“ಬರದ್ರೇನ್ರಿ ಮೇಡಂ, ಯಾರ ಸಾವು ಅಂತ?” ರಾಜಶ್ರೀ ಕೇಳಿದಳು.

ಮೈಕು ಇನ್ನೂ ಹೆಸರು ಹೇಳಿರಲಿಲ್ಲ. ಮೆಹರುನ್ನಿಸಾ ತನ್ನತ್ತ ನೋಡಿಕೊಂಡಳು. ತನ್ನ ಕೈಯೂ ಆಗಲೇ ಕೀಬೋರ್ಡ್ ಬಿಟ್ಟು ತಲೆಯ ಮೇಲೆ ಸೆರಗೆಳೆಯುತ್ತಿತ್ತು.