ಹಾಡು ಮುಗಿಯುವವರೆಗೆ

ಗುಬ್ಬಿಯ ಕೈಯಲ್ಲಿದ್ದ ಅರ್ಧ ಬಿಸ್ಕತ್ತು ಅವಳ ಡಬ್ಬಿಯದ್ದಲ್ಲ. ಪಕ್ಕದ ಹುಡುಗನದು. ಕಚ್ಚಿದ ಜಾಗದಲ್ಲಿ ಕಡಲೆಬೀಜದ ಚೂರುಗಳು ಎದ್ದು ಕಾಣುತ್ತಿದ್ದವು. ಯಾರದೋ ಒದ್ದೆ ಚಡ್ಡಿ ಬದಲಿಸಿ ತಿರುಗಿದ ಚಿಕ್ಕ ಟೀಚರ್ ಅದನ್ನು ಕಂಡವಳೇ ಕಿತ್ತುಕೊಂಡಳು. ಕಡಲೆಬೀಜ ಬಾಯಿಗೆ ಹೋದರೆ ಈ ಮಗುವಿಗೆ ಉಸಿರು ಕಟ್ಟುತ್ತದೆ ಎಂದು ತಾಯಿ ಶಿಶುವಿಹಾರಕ್ಕೆ ಸೇರಿಸಿದ ದಿನವೇ ಹೇಳಿ, ಅದಕ್ಕೆ ಬೇಕಾದ ಇಂಜೆಕ್ಷನ್ ಕೂಡ ಕೊಟ್ಟು ಹೋಗಿದ್ದರು. ಅದು ಶಿಶುವಿಹಾರ ನಡೆಸುವ ದೊಡ್ಡ ಮೇಡಂ ಕೋಣೆಯ ಬೀರುವಿನಲ್ಲಿತ್ತು. “ಇನ್ನೊಂದು ಕೊಡ್ತೀರಾ ಮಿಸ್?” ಎಂದು ಗುಬ್ಬಿ ಕೈಚಾಚಿದಳು. ಉಳಿದರ್ಧ ಆಗಲೇ ಅವಳ ಹೊಟ್ಟೆ ಸೇರಿತ್ತು.

ಅಷ್ಟರಲ್ಲಿ ಹಾಡು ಹೇಳಿಸಲು ಹಿರಿಯ ಟೀಚರ್ ಬಂದರು. ಚಿಕ್ಕ ಟೀಚರ್ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಮೂಲೆಗೆ ಕರೆದು ಪಿಸುಗುಟ್ಟಿದಾಗ ಅಕ್ಕ ಮೊದಲು ಮಗುವಿನ ತುಟಿ ನೋಡಿದರು, ಆಮೇಲೆ ಬಾಗಿಲ ಕಡೆ ನೋಡಿದರು.

“ಏನೂ ಆಗಿಲ್ವಲ್ಲ. ಸುಮ್ನಿರು. ಆ ಟೀಚರ್ ಹುಡುಗಿ ಹೇಳೋಕೆ ಹೋಗಿ ಏನಾಯ್ತು ಅಂತ ಮರೆತ್ಯಾ?”

ಮರೆಯುವುದು ಹೇಗೆ? ಜಾರುಬಂಡೆಯ ಹತ್ತಿರ ಬಿದ್ದು ಮಗುವೊಂದರ ಹಣೆ ಊದಿಕೊಂಡಾಗ, ಅದರ ಟೀಚರ್ ತಾನಾಗಿಯೇ ಹೋಗಿ ದೊಡ್ಡ ಮೇಡಂಗೆ ತಿಳಿಸಿದ್ದಳು. ಮೇಡಂ ಅವಳನ್ನು ತಂದೆ ತಾಯಂದಿರೆಲ್ಲರ ಮುಂದೆ ನಿಲ್ಲಿಸಿ ನೀರಿಳಿಸಿ, ಅಂದೇ ಮನೆಗೆ ಕಳಿಸಿದರು. ಅಲ್ಲಿಂದಾಚೆಗೆ ಯಾರೂ ಯಾವ ಸುದ್ದಿಯನ್ನೂ ಆ ಬಾಗಿಲಿಗೆ ಒಯ್ಯಲಿಲ್ಲ. ಬಿದ್ದ ಮಕ್ಕಳಿಗೆ ತಣ್ಣೀರು ಹಚ್ಚಿ, ಮುಖ ಒರೆಸಿ, ತಲೆ ಬಾಚಿ, ನಗಿಸಿ ಮನೆಗೆ ಕಳಿಸುವ ವಿದ್ಯೆಯನ್ನು ಎಲ್ಲರೂ ಕಲಿತುಬಿಟ್ಟರು.

ಮಕ್ಕಳು ಸುತ್ತಲೂ ಕೂತರು. ಅಕ್ಕ ಚಪ್ಪಾಳೆ ತಟ್ಟಿ ಆನೆ ಸ್ನಾನಕ್ಕೆ ಹೋದ ಹಾಡು ಶುರುಮಾಡಿದರು. ಚಿಕ್ಕ ಟೀಚರ್ ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆ ಪುಟ್ಟ ಬೆನ್ನನ್ನು ಎದೆಗೊತ್ತಿಕೊಂಡಳು. ಉಸಿರು ಒಳಗೆ ಹೋಯಿತು, ಹೊರಗೆ ಬಂತು. ಆನೆ ಸೊಂಡಿಲು ತೊಳೆಯಿತು. ಏನೂ ಆಗಲಿಲ್ಲ. ಕಿವಿ ತೊಳೆಯಿತು. ಏನೂ ಆಗಲಿಲ್ಲ. ಈ ಸಾಲು ಮುಗಿದ ಮೇಲೆ ಹೋಗಿ ಹೇಳುತ್ತೇನೆ ಎಂದುಕೊಂಡಳು. ಸಾಲು ಮುಗಿದಾಗ, ಇನ್ನೊಂದು ಸಾಲು ನೋಡೋಣ ಎಂದುಕೊಂಡಳು. ಕೊನೆಯ ಸಾಲು, ಬಾಲದ್ದು, ಬಂದಾಗ ಮಕ್ಕಳೆಲ್ಲ ಕಿರುಚಿ ನಕ್ಕರು. ಗುಬ್ಬಿ ನಗಲಿಲ್ಲ. ಕತ್ತು ಕೆರೆದುಕೊಳ್ಳುತ್ತಾ ಹಿಂದಕ್ಕೆ ತಿರುಗಿ ಇವಳ ಮುಖ ನೋಡಿದಳು.

“ಮಿಸ್, ನನ್ನ ನಾಲಿಗೆ ದಪ್ಪ ಆಗ್ತಿದೆ.”

ಮಗುವನ್ನು ಎತ್ತಿಕೊಂಡು ಓಡಿದ್ದು ಅವಳಿಗೆ ಸರಿಯಾಗಿ ನೆನಪಿಲ್ಲ. ದೊಡ್ಡ ಮೇಡಂ ಫೋನಿನಲ್ಲಿದ್ದರು. ಅವಳ ಬಾಯಿಂದ ‘ಕಡಲೆಬೀಜ’ ಎಂಬ ಒಂದೇ ಮಾತು ಹೊರಟಿತು. ಮೇಡಂ ಏನೂ ಕೇಳಲಿಲ್ಲ. ಕೀಲಿಗೊಂಚಲು ಅವರ ಕೈತಪ್ಪಿ ಬಿತ್ತು, ಮತ್ತೆ ಬಿತ್ತು, ಕೊನೆಗೆ ಬೀರು ತೆರೆಯಿತು. ಮಗುವಿನ ಗಂಟಲಿನಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಅವರು ಸೂಜಿಯನ್ನು ತೊಡೆಗೆ ಚುಚ್ಚಿದರು. ಆಂಬುಲೆನ್ಸ್ ಬರುವಷ್ಟರಲ್ಲಿ ಸಿಳ್ಳೆ ಸಣ್ಣದಾಗಿತ್ತು. ಸಂಜೆ ಆಸ್ಪತ್ರೆಯಿಂದ ಸುದ್ದಿ ಬಂತು: ಗುಬ್ಬಿ ಎದ್ದು ಕೂತು, ನರ್ಸಮ್ಮನಿಗೆ ಆನೆಯ ಹಾಡು ಕಲಿಸುತ್ತಿದ್ದಾಳೆ.

ಮರುದಿನ ಮಕ್ಕಳು ಬರುವ ಮುಂಚೆ ದೊಡ್ಡ ಮೇಡಂ ಎಲ್ಲರನ್ನೂ ಚಿಕ್ಕ ಟೀಚರ್‌ನ ಕೋಣೆಗೇ ಕರೆದರು. ದೊಡ್ಡವರ ಕುರ್ಚಿ ಅಲ್ಲಿರಲಿಲ್ಲ. ಟೀಚರುಗಳು, ಆಯಾ, ಅಡುಗೆಯವರು ಎಲ್ಲರೂ ಮಕ್ಕಳ ಕುರ್ಚಿಗಳಲ್ಲಿ ಮಂಡಿ ಮಡಚಿ ಮುದುಡಿ ಕೂತರು. ಮೇಡಂ ಮಾತ್ರ ನಿಂತೇ ಇದ್ದರು. ಚಿಕ್ಕ ಟೀಚರ್‌ನ ಕಥೆ ಮುಗಿಯಿತು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವಳೂ ತನ್ನ ಚಪ್ಪಲಿ, ಲೋಟ, ಬಾಚಣಿಗೆಗಳನ್ನು ಆಗಲೇ ಚೀಲಕ್ಕೆ ಹಾಕಿಕೊಂಡಿದ್ದಳು.

ಬಿಸ್ಕತ್ತು ಕಂಡ ಕೂಡಲೇ ಬಂದೆಯಾ ಎಂದು ಮೇಡಂ ಕೇಳಿದರು. ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಪಕ್ಕದಲ್ಲಿದ್ದ ಅಕ್ಕನ ಮಂಡಿ ಮೆಲ್ಲಗೆ ತಾಗಿತು.

“ಇಲ್ಲ ಮೇಡಂ. ಹಾಡು ಮುಗಿಯೋವರೆಗೂ ಕೂತಿದ್ದೆ.”

“ಯಾಕೆ?”

“ನಿಮಗೆ ಹೆದರಿ.”

ಯಾರೋ ಕೆಮ್ಮಲು ಹೋಗಿ ತಡೆದುಕೊಂಡರು. ಮೇಡಂ ಒಂದು ಹೆಜ್ಜೆ ಮುಂದೆ ಬಂದರು.

“ಮಗು ಹೋಗಿಬಿಡತ್ತೆ ಅನ್ನೋದಕ್ಕಿಂತ ಹೆಚ್ಚಾಗಿ ನನಗೆ ಹೆದರಿದ್ಯಾ?”

“ಆಗ... ಹೌದು ಮೇಡಂ.”

ಇನ್ನು ಸ್ವಲ್ಪ ತಡವಾಗಿದ್ದರೆ ಡಾಕ್ಟರು ಏನೂ ಮಾಡುವಂತಿರಲಿಲ್ಲವಂತೆ. ಅದನ್ನು ಹೇಳುವಾಗ ಮೇಡಂ ದನಿ ಎಂದಿನ ಹಾಗಿರಲಿಲ್ಲ. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದರು, ಒಬ್ಬರೂ ನಂಬಲಿಲ್ಲ. ತನ್ನಿಂದ ಮುಚ್ಚಿಟ್ಟಿದ್ದು ಇನ್ನೇನಾದರೂ ಇದ್ದರೆ ಈಗಲೇ ಹೇಳಿ ಎಂದರು. ಆಮೇಲೆ ಅಕ್ಕ ನಿಧಾನವಾಗಿ ಕೈಯೆತ್ತಿ, “ಸುಮ್ನಿರು ಅಂದಿದ್ದು ನಾನೇ ಮೇಡಂ,” ಎಂದರು. ಹಿಂದಿನ ಕುರ್ಚಿಯಿಂದ ಆಯಾ ಕೈಯೆತ್ತಿದಳು. ರಸ್ತೆ ಕಡೆಯ ಗೇಟಿನ ಚಿಲಕ ಬೀಳುವುದಿಲ್ಲ, ಮಕ್ಕಳು ತಳ್ಳಿದರೆ ತೆರೆದುಕೊಳ್ಳುತ್ತದೆ ಎಂದಳು.

“ಯಾವಾಗಿಂದ?”

“ನಾನು ಸೇರೋಕೆ ಮುಂಚಿಂದ.”

ಮೇಡಂ ಕಿಟಕಿಯಾಚೆ ಗೇಟಿನ ಕಡೆ ನೋಡಿ, ಮತ್ತೆ ತಿರುಗುವಷ್ಟರಲ್ಲಿ ಅಡುಗೆಯವರ ಕೈ ಮೇಲಿತ್ತು. ಬಾಗಿಲ ಬಳಿ ಇನ್ನೊಂದು ಕೈ ಎದ್ದಿತು. ಗೋಡೆಯ ಪಕ್ಕದಲ್ಲಿ ಮತ್ತೊಂದು. ಮೇಡಂ ಒಂದು ಪುಟ್ಟ ಕುರ್ಚಿಯನ್ನು ತಡಕಾಡಿ ಎಳೆದುಕೊಂಡು ಕೂತರು.