ಹೆಚ್ಚಿದ ಐವತ್ತಮೂರು ಯೂನಿಟ್

"ಕಳ್ಳಿ," ಎಂದು ಗೊಣಗುತ್ತ ಮೀಟರಿನವನು ಗಾಜಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ. ಹೋದ ತಿಂಗಳ ಅಂಕಿ ಕಳೆದ. ತೊಂಬತ್ತೊಂದು ಯೂನಿಟ್. ಇನ್ನೊಮ್ಮೆ ಕಳೆದ. ತೊಂಬತ್ತೊಂದೇ. ವರ್ಷಗಟ್ಟಲೆ ಮೂವತ್ತೆಂಟು ದಾಟದಿದ್ದ ಮನೆ ಅದು. ಕುಕ್ಕರುಗಾಲಲ್ಲಿ ಕೂತು ನೀರಿನ ಮೀಟರಿನ ಮುಚ್ಚಳ ಎತ್ತಿದ. ನಾಲ್ಕು ಸಾವಿರ ಲೀಟರ್ ಇದ್ದದ್ದು ಒಂಬತ್ತು ಸಾವಿರ. ಸತತ ನಾಲ್ಕನೇ ತಿಂಗಳು ಇದೇ ಕತೆ.

ಮನೆಯಲ್ಲಿರುವುದು ನಿವೃತ್ತ ಟೀಚರು ಒಬ್ಬರೇ. ಕಾಗದದ ಮೇಲಂತೂ ಹಾಗಿತ್ತು.

ಆ ಬಡಾವಣೆಯಲ್ಲಿ ಕರೆಂಟಿಗೂ ನೀರಿಗೂ ಅವನೊಬ್ಬನೇ. ಹದಿನೇಳು ವರ್ಷ, ನಾನೂರು ಮನೆ. ಜನರ ಮುಖ ನೋಡುವ ಅಭ್ಯಾಸ ಅವನಿಗಿರಲಿಲ್ಲ. ನೋಡುವಂಥ ಮುಖಗಳೂ ಅವಲ್ಲ ಎಂಬುದು ಅವನ ಅಭಿಪ್ರಾಯ. ಅಂಕಿ ಸಾಕಿತ್ತು. ಮೂಲೆಮನೆಯ ವಕೀಲ ಕಾರು ತೊಳೆಯಲು ದಿನಾ ಮುನ್ನೂರು ಲೀಟರ್ ಸುರಿದು, ಮನೆಯೊಳಗೆ ಒಂದೇ ದೀಪ ಹಚ್ಚುವ ಜಿಪುಣ. ಹಸಿರು ಗೇಟಿನ ಗಂಡ ಹೆಂಡತಿಯ ಮನೆಯಲ್ಲಿ ಎರಡು ಏಸಿ ಓಡುತ್ತವೆ. ಅಂದರೆ ಮಾತು ಬಿಟ್ಟಿದ್ದಾರೆ. ಎಲ್ಲರೂ ದಂಡಪಿಂಡಗಳು. ತನ್ನ ಮನೆಯನ್ನೂ ಅವನು ಬಿಟ್ಟವನಲ್ಲ. ಗೀಸರನ್ನು ಬಿಚ್ಚಿ ಅಟ್ಟಕ್ಕೇರಿಸಿ ಎಂಟು ವರ್ಷವಾಗಿತ್ತು. ಬೇಸಿಗೆಯ ಶುರುವಿಗೆ ಹೆಂಡತಿ ಮುನಿಸಿಕೊಂಡು ಅಣ್ಣನ ಊರಿಗೆ ಹೋದ ಮೇಲಂತೂ ಯೂನಿಟ್ ಅರ್ಧಕ್ಕಿಳಿದಿತ್ತು. ಅದನ್ನು ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ನಕ್ಕಿದ್ದ.

ಅವನು ಬಾಗಿಲು ಬಡಿದ. ಒಳಗೆ ಗರ್ರೆನ್ನುತ್ತಿದ್ದ ಏನೋ ಒಂದು ಥಟ್ಟನೆ ನಿಂತಿತು. ಟೀಚರು ಬಂದರು. ಗ್ರಿಲ್ಲಿನ ಚಿಲಕ ಮಾತ್ರ ತೆಗೆಯಲಿಲ್ಲ.

"ಮನೇಲಿ ಎಷ್ಟು ಜನ ಇದೀರ ಟೀಚರ್?"

"ಯಾಕಪ್ಪ?"

"ಒಬ್ಬರಿಗೆ ಇಷ್ಟು ಯೂನಿಟ್ ಬರಲ್ಲ."

ಲೆಕ್ಕ ತಪ್ಪು ಮಾಡಿದ ವಿದ್ಯಾರ್ಥಿಯನ್ನು ನೋಡುವಂತೆ ಅವರು ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು.

"ಒಬ್ಬರು ಜಾಸ್ತಿ ಆದ್ರೆ ನಿನಗೆ ತಿಳಿದುಬಿಡುತ್ತೆ ಅನ್ನು."

"ಅಂಕಿ ಹೇಳುತ್ತೆ."

"ಒಬ್ಬರು ಕಡಿಮೆ ಆದ್ರೆ?"

"ಅದನ್ನೂ ಹೇಳುತ್ತೆ."

"ಅಷ್ಟೇ ಹೇಳುತ್ತೆ, ಪಾಪ," ಎಂದು ಟೀಚರು ಒಳಗೆ ಹೋದರು.

ಆ 'ಪಾಪ' ಅವನ ಮೈ ಉರಿಸಿತು. ಮೇಷ್ಟ್ರಗಿರಿ ಮುಗಿದರೂ ಕೊಬ್ಬು ಇಳಿದಿಲ್ಲ ಮುದುಕಿಗೆ. ಮರುದಿನದಿಂದ ಅವನು ಕಾವಲು ಕೂತ. ಮೀಟರಿನ ಪೆಟ್ಟಿಗೆ ಇದ್ದದ್ದು ಬೀದಿಯ ಕಡೆಯ ಗೋಡೆಯಲ್ಲಿ. ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬೆಳಿಗ್ಗೆ ಆರೂವರೆಗೆ ಮೀಟರಿನ ಕೆಂಪು ದೀಪ ಕಣ್ಣು ಹೊಡೆದಂತೆ ಪಟಪಟ ಮಿನುಗತೊಡಗಿತು. ಗೀಸರು. ಇಪ್ಪತ್ತು ನಿಮಿಷ. ಏಳಕ್ಕೆ ಮತ್ತೆ ಇಪ್ಪತ್ತು. ಎರಡನೆಯ ಸಲ ನೀರಿನ ಮೀಟರಿನ ಮುಳ್ಳು ನಿಲ್ಲದೆ ತಿರುಗಿತು. ಒಂಬತ್ತರಿಂದ ಒಂದರವರೆಗೆ ಸಣ್ಣ ಮೋಟಾರು, ಬಿಟ್ಟು ಬಿಟ್ಟು. ಹೊಲಿಗೆ ಯಂತ್ರ. ಎಲ್ಲವನ್ನೂ ಡೈರಿಯಲ್ಲಿ ಗಂಟೆ, ನಿಮಿಷ ಸಮೇತ ಗೀಚಿಕೊಂಡ.

"ಒಳಗೆ ಒಬ್ಬ ಹೆಂಗಸಿದಾಳೆ," ಎಂದ, ಆಫೀಸಿನ ಗುಮಾಸ್ತನ ಮೇಜಿನ ಮೇಲೆ ಡೈರಿ ಕುಕ್ಕಿ. "ಉದ್ದ ಕೂದಲಿನೋಳು. ದಿನಾ ಅಷ್ಟು ಬಿಸಿನೀರು ಸುರ್ಕೊಳ್ತಾಳೆ ಅಂದ್ರೆ ಜನ್ಮದಲ್ಲಿ ಬಿಸಿನೀರು ಕಂಡಿಲ್ಲ ಬಡ್ಡಿಮಗಳು. ಎಲ್ಲಿಂದಲೋ ಓಡಿ ಬಂದಿರೋ ದರಿದ್ರದೋಳು. ಅವಳನ್ನ ಬಚ್ಚಿಟ್ಟುಕೊಂಡು ಮನೆ ಕರೆಂಟಲ್ಲಿ ಅಂಗಡಿ ನಡೆಸ್ತಿದಾಳೆ ಮುದುಕಿ."

"ವಯಸ್ಸಾದೋರು, ಬಿಡೋ," ಎಂದ ಗುಮಾಸ್ತ. "ಓಡಿ ಬಂದೋಳು ಅಂತೀಯ. ಏನು ಕಷ್ಟವೋ ಏನೋ."

"ಕಷ್ಟ ಎಲ್ಲರಿಗೂ ಇದೆ. ಒಳ್ಳೇ ಮನೆ ಹೆಂಗಸರು ಹೀಗೆ ಬೇರೆಯವರ ಮನೇಲಿ ಅಡಗಿ ಕೂರಲ್ಲ."

ಲಿಖಿತ ದೂರು ಕೊಟ್ಟ. ಮೂರನೇ ದಿನ ತಪಾಸಣೆಯ ಸಾಹೇಬರು ಬಂದರು. ಹಿಂದೆ ಏಣಿ ಹೊತ್ತ ಲೈನ್‌ಮನ್. ಬೀದಿಯವರಿಗೆಲ್ಲ ಮೊದಲೇ ಸುದ್ದಿ ಮುಟ್ಟಿಸಿದ್ದ ಮೀಟರಿನವನು. ವಕೀಲ ಕಾರು ಒರೆಸುವ ನೆಪದಲ್ಲಿ ನಿಂತಿದ್ದ. ಹಸಿರು ಗೇಟಿನ ದಂಪತಿ ಕೂಡ ಒಟ್ಟಿಗೆ ಹೊರಬಂದಿದ್ದರು.

ಟೀಚರು ಈ ಸಲ ಚಿಲಕ ತೆಗೆದರು. "ಬನ್ನಿ. ಎಂದಾದ್ರೂ ಒಂದಿನ ಬರ್ತೀರ ಅಂತ ಗೊತ್ತಿತ್ತು."

ಸಾಹೇಬರು ನಡುಮನೆಗೆ ಹೋದರು. ಕಿಟಕಿಯ ಪಕ್ಕ ಒಂದೇ ಒಂದು ಹೊಲಿಗೆ ಯಂತ್ರ, ಕುರ್ಚಿಯ ಮೇಲೆ ಅರ್ಧ ಹೊಲಿದ ಮಗುವಿನ ಅಂಗಿ. ಬೋರ್ಡಿಲ್ಲ, ಕೆಲಸದಾಳಿಲ್ಲ.

"ಮನೇಲಿ ಒಂದು ಮಿಷನ್ ಇಟ್ಕೊಂಡು ಹೊಲಿದ್ರೆ ತಪ್ಪೇನಿಲ್ಲ ಕಣಯ್ಯ," ಎಂದರು ಸಾಹೇಬರು. "ನಾಲ್ಕು ತಿಂಗಳೂ ಬಿಲ್ ಕಟ್ಟಿದಾರೆ. ಇದಕ್ಕೆ ನನ್ನ ಕರೆಸಿದ್ಯಾ?"

ಮೀಟರಿನವನಿಗೆ ಅದು ಕೇಳಿಸಲೇ ಇಲ್ಲ. ಹೊರಬಾಗಿಲ ಪಕ್ಕದ ಸ್ವಿಚ್ ಬೋರ್ಡಿಗೆ ಮುಖ ಮಾಡಿ ಪ್ಲಗ್ಗುಗಳನ್ನು ಎಣಿಸುತ್ತಿದ್ದ. ಬೀದಿಗೂ ಕೇಳಲೆಂದು ಅಲ್ಲಿಂದಲೇ ದನಿ ಎತ್ತರಿಸಿದ. "ಮಿಷನ್ ಬಿಡಿ ಸಾರ್. ಆ ಹೆಂಗಸನ್ನ ಹೊರಗೆ ಕರೀರಿ! ಯಾರ ಮನೆಯೋಳು, ಯಾಕೆ ಬಚ್ಚಿಟ್ಟುಕೊಂಡಿದಾಳೆ, ಎಲ್ಲರ ಮುಂದೆ ಬಾಯಿ ಬಿಡ್ಲಿ!"

"ಬೇಡಮ್ಮ, ಒಳಗೇ ಇರು," ಎಂದರು ಟೀಚರು.

ಆದರೆ ಒಳಕೋಣೆಯ ಪರದೆ ಸರಿಯಿತು. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡಿದ್ದ ಹೆಂಗಸೊಬ್ಬಳು ಬಂದು ಸಾಹೇಬರ ಎದುರು ನೆಟ್ಟಗೆ ನಿಂತಳು.

ಸಾಹೇಬರಿಗೆ ಸಂಕೋಚವಾಯಿತು. "ತಪ್ಪು ತಿಳೀಬೇಡಿ ತಾಯಿ. ದೂರು ಬಂದಿದೆ, ಕೇಳ್ಲೇಬೇಕು. ನೀವು ಟೀಚರಿಗೆ ಏನಾಗಬೇಕು?"

"ಟೀಚರಿಗೆ ನಾನೇನೂ ಆಗಬೇಕಿಲ್ಲ ಸಾರ್," ಎಂದಳು ಆಕೆ, ಬಾಗಿಲ ಬಳಿ ತಟ್ಟನೆ ತಿರುಗಿದವನತ್ತ ಕಣ್ಣು ಕೂಡ ಹಾಯಿಸದೆ, "ಇಲ್ಲಿಗೆ ಬರೋವರೆಗೂ ನಿಮ್ಮ ಈ ಮೀಟರಿನವರಿಗೆ ಹೆಂಡತಿಯಾಗಿದ್ದೆ."