ಬಿಸ್ಕೆಟ್‌ಗೆ ಸಿಕ್ಕ ನ್ಯಾಯ

“ಮೊದಲಿಗೆ ಒಂದು ಮಾತು ಹೇಳಿಬಿಡ್ತೀನಿ. ಡಾಕ್ಟರ್ ಕಿಪ್ ಕೆಟ್ಟ ಮನುಷ್ಯ ಅಲ್ಲ,” ಎಂದು ಹಾರ್ಲನ್ ವೋಸ್ ಎದ್ದು ನಿಂತು ಶುರುಮಾಡಿದ. ಪಕ್ಕದಲ್ಲಿ ಅವನ ಹೆಂಡತಿ ಆರ್ಡಿತ್ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಚೆ ಬದಿಯ ಕುರ್ಚಿಯಲ್ಲಿ ಕಿಪ್, ಎದುರಿಗೆ ಕೈರೋಪ್ರಾಕ್ಟರುಗಳ ರಾಜ್ಯ ಮಂಡಳಿ. ಬೆನ್ನು, ಕುತ್ತಿಗೆಯ ಮೂಳೆಗಳನ್ನು ಬರಿಗೈಯಿಂದ ತಿರುವಿ ನೋವು ಕಳೆಯುವವರಿಗೆ ಲೈಸೆನ್ಸ್ ಕೊಡುವವರು ಇವರೇ, ತಪ್ಪು ಮಾಡಿದರೆ ವಿಚಾರಿಸುವವರೂ ಇವರೇ. ಮಂಡಳಿಯಲ್ಲಿ ಹೆಚ್ಚಿನವರು ಅದೇ ಕಸುಬಿನವರು ಎಂಬುದನ್ನು ಯಾರೂ ಬಚ್ಚಿಟ್ಟಿರಲಿಲ್ಲ.

ನಮ್ಮ ಜೋಳದ ಸೀಮೆಯವರಿಗೆ ಇದೊಂದು ಚಟ. ಯಾರ ಮೇಲೆ ದೂರು ಹೇಳುವುದಿದ್ದರೂ ಮೊದಲು ಅವರ ಬಗ್ಗೆ ಒಂದು ಒಳ್ಳೆಯ ಮಾತು ಆಡದಿದ್ದರೆ ನಾಲಿಗೆಯೇ ಏಳುವುದಿಲ್ಲ. ಮನೆಗೆ ಬೆಂಕಿ ಇಟ್ಟವನ ಬಗ್ಗೆಯೂ “ಪಾಪ, ಬೆಂಕಿಪೊಟ್ಟಣ ತಾನೇ ತಂದಿದ್ದ” ಎನ್ನುವ ಜನ ನಾವು. ಹಾರ್ಲನ್ ಮುಂದುವರಿಸಿದ: “ಹೋದ ವಸಂತದಲ್ಲಿ ನಮ್ಮ ಹೆಣ್ಣುಕುದುರೆ ಬಿಸ್ಕೆಟ್ ಕುಂಟ್ತಿತ್ತು. ಇವರು ಚರ್ಚ್ ಮುಗಿಸ್ಕೊಂಡು ನೇರ ನಮ್ಮ ಕೊಟ್ಟಿಗೆಗೆ ಬಂದು, ಕೋಟು ಬಿಚ್ಚಿ, ಅದರ ಬೆನ್ನು ಒತ್ತಿ ಸರಿ ಮಾಡಿದ್ರು. ದುಡ್ಡು ಕೊಟ್ರೆ ಮುಟ್ಟಲಿಲ್ಲ. ಆರ್ಡಿತ್ ಮಾಡಿದ ಸೇಬಿನ ಪೈ ತಿಂದ್ಕೊಂಡು ಹೋದ್ರು.”

ಮಂಡಳಿಯ ವಕೀಲರ ಕಿವಿ ನೆಟ್ಟಗಾಯಿತು. “ಪಶುವೈದ್ಯರ ಚೀಟಿ ಇತ್ತಾ?”

“ಯಾವುದಕ್ಕೆ?”

“ಕುದುರೆಗೆ ಕೈ ಹಚ್ಚೋದಕ್ಕೆ.”

“ಕುದುರೆ ಮನೆ ಹಾಳಾಗ್ಲಿ ಸಾರ್, ನಾನು ಬಂದಿರೋದು ಹೆಂಡ್ತಿ ವಿಷಯಕ್ಕೆ!” ಎಂದ ಹಾರ್ಲನ್. ವಕೀಲರು ತಲೆಯಾಡಿಸಿ ಏನನ್ನೋ ಬರೆದುಕೊಂಡರು. ಹಾರ್ಲನ್ ಹೆಂಡತಿಯ ವಿಷಯ ಹೇಳತೊಡಗಿದ. ಕತ್ತು ಹಿಡಿದುಕೊಂಡಿದೆ ಎಂದು ಆರ್ಡಿತ್ ಹೋಗಿದ್ದಳು. ಕಿಪ್ ಲಿಂಡ್‌ಕ್ವಿಸ್ಟ್ ಕುತ್ತಿಗೆಯನ್ನು ಲಟಕ್ಕನೆ ತಿರುವಿದ. ಅವಳಿಗೆ ಗೋಡೆಗಳೆಲ್ಲ ತಿರುಗಿದವು, ವಾಂತಿಯಾಯಿತು. “ಒಳಗಿನ ವಿಷ ಹೊರಗೆ ಬರ್ತಿದೆ, ಒಳ್ಳೇದೇ,” ಎಂದವನು ಇನ್ನೊಂದು ಕಡೆಗೂ ತಿರುವಿ ಮನೆಗೆ ಕಳಿಸಿದ. ಕುತ್ತಿಗೆಯ ರಕ್ತನಾಳ ಹರಿದಿತ್ತು. ಸಂಜೆಯ ಹೊತ್ತಿಗೆ ಬಲಭಾಗಕ್ಕೆ ಪಾರ್ಶ್ವವಾಯು. ಊರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವಳಿಗೆ ಈಗ ಅಂಗಿಯ ಗುಂಡಿ ಹಾಕಿಕೊಳ್ಳಲು ಗಂಡ ಬೇಕು. “ನಮಗೆ ಪರಿಹಾರ ಬೇಡ. ಇನ್ನೊಬ್ಬರ ಕುತ್ತಿಗೆಗೆ ಇವರು ಕೈ ಹಾಕ್ಬಾರ್ದು. ಅಷ್ಟೇ.”

“ಕುತ್ತಿಗೆ ತಿರುವೋದು ನಮ್ಮ ಕಸುಬಿನ ವ್ಯಾಪ್ತಿಯೊಳಗೇ ಇದೆ, ಮಿಸ್ಟರ್ ವೋಸ್,” ಎಂದರು ಅಧ್ಯಕ್ಷೆ ಡಾಕ್ಟರ್ ಗ್ರೇಟಾ ಮೋಲ್. “ಕಾನೂನೇ ಆ ಅಧಿಕಾರ ಕೊಟ್ಟಿದೆ.”

“ಕೊಟ್ಟಿರಬಹುದು ಮೇಡಂ. ತಲೆ ಸುತ್ತುತ್ತೆ, ಬಿಡಿ ಅಂತ ಅಂಗಲಾಚಿದವಳಿಗೆ ಇನ್ನೊಂದ್ಸಲ ತಿರುವೋ ಅಧಿಕಾರಾನೂ ಕೊಟ್ಟಿದೆಯಾ?”

“ಅದು ಅವರವರ ವಿವೇಚನೆ.”

ವಿವೇಚನೆಯಂತೆ, ವಿವೇಚನೆ! ಒಬ್ಬ ಹೆಂಗಸಿನ ಅರ್ಧ ದೇಹ ಹೋದದ್ದಕ್ಕೆ ಎಷ್ಟು ಮೃದುವಾದ ಹೆಸರು. ಮಂಡಳಿಯವರು ಒಳಕೋಣೆಗೆ ಹೋದಾಗ ಕಿಪ್ ಎದ್ದು ಬಂದು, ಊರಿನ ವಾಡಿಕೆಯಂತೆ, ಆರ್ಡಿತ್‌ಗೆ ಒಂದು ಲೋಟ ಕಾಫಿ ತಂದ. ತಂದವನು ಅದನ್ನು ಅವಳ ಬಲಗೈ ಮುಂದೆ ಹಿಡಿದ. ಹಿಡಿದೇ ನಿಂತಿದ್ದ. ಕೊನೆಗೆ ಹಾರ್ಲನ್ ಅದನ್ನು ಕಿತ್ತುಕೊಂಡು ಕಿಟಕಿಯ ಕಟ್ಟೆಯ ಮೇಲೆ ಕುಕ್ಕಿದ.

ಹೊರಬಂದ ಮಂಡಳಿ ತೀರ್ಪು ಓದಿತು. ಡಾಕ್ಟರ್ ಲಿಂಡ್‌ಕ್ವಿಸ್ಟ್ ಪಶುವೈದ್ಯರ ಅನುಮತಿಯಿಲ್ಲದೆ ಹೆಣ್ಣುಕುದುರೆಯೊಂದಕ್ಕೆ ಚಿಕಿತ್ಸೆ ನೀಡಿದ್ದು ಗಂಭೀರ ಅಪರಾಧ. ಇನ್ನು ಒಂದು ವರ್ಷ ಅವರು ಯಾವ ಪ್ರಾಣಿಯನ್ನೂ ಮುಟ್ಟುವಂತಿಲ್ಲ. ಮನುಷ್ಯರ ಮಟ್ಟಿಗೆ ಅವರ ಲೈಸೆನ್ಸ್ ಇದ್ದಂತೆಯೇ ಇರುತ್ತದೆ.

ಹಾರ್ಲನ್‌ಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಮೈಯೆಲ್ಲ ಉರಿಯಿತು. “ಬಿಸ್ಕೆಟ್ ಚೆನ್ನಾಗಿದೆ ಕಣ್ರೀ! ಬೇಲಿ ಹಾರ್ತಿದೆ! ನಾನು ಅವರನ್ನ ಹೊಗಳೋಕೆ ಅಂತ ಹೇಳಿದ್ದು ಅದನ್ನ! ಗುಣ ಮಾಡಿದ್ದಕ್ಕೆ ಶಿಕ್ಷೆ, ಕೆಡಿಸಿದ್ದಕ್ಕೆ ಲೈಸೆನ್ಸಾ? ಇವಳೂ ಕುದುರೆ ಆಗಿದ್ರೆ ನಿಮ್ಮ ಕಣ್ಣಿಗೆ ಕಾಣ್ತಿದ್ಲಾ?”

“ಮಿಸ್ಟರ್ ವೋಸ್, ದಯವಿಟ್ಟು ಕೂತ್ಕೊಳ್ಳಿ. ನಾವು ನಿಯಮ ಮೀರೋಕಾಗಲ್ಲ,” ಎಂದರು ಅಧ್ಯಕ್ಷೆ.

ಅವನು ಕೂರಲಿಲ್ಲ. ಎದ್ದವಳು ಆರ್ಡಿತ್. ಬೆಳಗಿನಿಂದ ಅವಳು ಬಾಯಿ ತೆರೆದಿರಲಿಲ್ಲ. ಅವಳ ಮಾತು ಈಗ ಒಂದೊಂದೇ ಪದವಾಗಿ, ಕಷ್ಟಪಟ್ಟು ಬರುತ್ತದೆ. ನಡುವೆ ಯಾರಾದರೂ ಪದ ಹುಡುಕಿಕೊಡಲು ಹೋದರೆ ಅವಳಿಗೆ ಕೋಪ. ಹಾರ್ಲನ್ ಅವಳ ಮೊಣಕೈ ಹಿಡಿದು ಸುಮ್ಮನೆ ನಿಂತ.

“ಮೇಡಂ... ನೀವೂ... ಇದೇ ಕಸುಬಿನವರು,” ಎಂದಳು. “ನಿಮ್ಮ ಕುತ್ತಿಗೆ... ಇವತ್ತು... ಇವರ ಕೈಗೆ... ಕೊಡ್ತೀರಾ?”

ಕಿಪ್ ತನ್ನ ಬೂಟು ನೋಡಿಕೊಂಡ. ವಕೀಲರು ಪೆನ್ನಿನ ಮುಚ್ಚಳ ಹಾಕಿದರು.

“ಆ ಪ್ರಶ್ನೆ ಈ ಮಂಡಳಿಯ ವ್ಯಾಪ್ತಿಗೆ ಬರೋದಿಲ್ಲ,” ಎಂದರು ಗ್ರೇಟಾ ಮೋಲ್. ಹಾಗೆನ್ನುವಾಗ ಅವರ ಕೈ ತಾನಾಗಿಯೇ ಮೇಲೆ ಹೋಗಿ, ಕೋಟಿನ ಕಾಲರನ್ನು ಕುತ್ತಿಗೆಯ ಸುತ್ತ ಬಿಗಿಯಾಗಿ ಹಿಡಿದುಕೊಂಡಿತು.